ಹಂಚಿನಕೊಪ್ಪಲಿನ ಮಣ್ಣಿಗೆ ನಾನು ಬರೆದ ಹೊತ್ತು

ನಮ್ಮ ಜಿಲ್ಲೆಯಲ್ಲಿ ಕೆರೆ ನುಂಗಿದವರು ಬೇಕಾದಷ್ಟು ಜನ ಇದ್ದಾರೆ. ಕೆಲವರು ಒತ್ತುವರಿ ಮಾಡಿ ನುಂಗಿದರು, ಕೆಲವರು ಬಿಲ್ಲು ಬರೆದು ನುಂಗಿದರು. ಒಂದು ಬಿಡಿಗಾಸನ್ನೂ ಮುಟ್ಟದೆ, ಬರೀ ಬಾಲ್‌ಪೆನ್ನಿನಿಂದ, ಅದೂ ಇನ್ನೂ ಕಟ್ಟದೇ ಇದ್ದ ಕೆರೆಯನ್ನು ನುಂಗಿದವನು ಬಹುಶಃ ನಾನೊಬ್ಬನೇ. ನುಂಗುವಾಗ ಮೈಮೇಲೆ ಶುಭ್ರವಾದ ಬಟ್ಟೆ ಇತ್ತು, ಹಣೆಯಲ್ಲಿ ನಾಮ ಇತ್ತು, ಮನಸ್ಸಿನಲ್ಲಿ ಆ ಊರಿಗೆ ಒಳ್ಳೆಯದಾಗಲಿ ಅನ್ನುವುದು ಬಿಟ್ಟರೆ ಬೇರೇನೂ ಇರಲಿಲ್ಲ.

ನನ್ನ ಹೆಸರು ಸಂಪತ್ಕುಮಾರ. ಊರು ಹೊಳೆನರಸೀಪುರ, ದೇವಸ್ಥಾನದ ಹಿಂದಿನ ಬೀದಿ. ಮೊದಲು ಒಂದು ಕಾರ್ಖಾನೆಯಲ್ಲಿ ಗುಮಾಸ್ತನಾಗಿದ್ದೆ. ನಾನು ಸೇರಿದ ಏಳನೆಯ ತಿಂಗಳಿಗೆ ಅದು ಬಾಗಿಲು ಹಾಕಿತು. ಮಾಲೀಕರ ಅಣ್ಣತಮ್ಮಂದಿರ ಜಗಳವೇ ಕಾರಣವೆಂದು ಊರೆಲ್ಲ ಹೇಳುತ್ತಿತ್ತು. ಪಕ್ಕದ ಮನೆಯಲ್ಲೇ ಇದ್ದ ನಮ್ಮ ಮಾವನವರು ಮಾತ್ರ ಪಂಚಾಂಗ ತಿರುವಿ ಹಾಕಿ, ನಾನು ಕೆಲಸಕ್ಕೆ ಸೇರಿ ಸಹಿ ಹಾಕಿದ್ದು ಸೋಮವಾರ ಬೆಳಿಗ್ಗೆ ಎಂಟು ಗಂಟೆಗೆ, ಅಂದರೆ ಸರಿಯಾಗಿ ರಾಹುಕಾಲದಲ್ಲಿ ಎಂದು ಪತ್ತೆ ಮಾಡಿದರು. ಅಲ್ಲಿಗೆ ನೂರಿಪ್ಪತ್ತು ಜನರ ಕೆಲಸ ಕಳೆದ ಪಾಪ ನನ್ನ ತಲೆಗೆ ಬಂತು. ನನ್ನ ಹೆಂಡತಿ ರಂಗನಾಯಕಿ ಅವತ್ತಿನಿಂದ ನನ್ನ ಜೇಬಿನಲ್ಲಿ ವಾರದ ಏಳೂ ದಿನಗಳ ರಾಹುಕಾಲ ಬರೆದ ಚೀಟಿ ಇಡಲು ಶುರುಮಾಡಿದಳು. ಒಗೆಯಲು ಹಾಕಿದ ಅಂಗಿಯಲ್ಲೂ ಒಂದು ಚೀಟಿ ಇರುತ್ತಿತ್ತು.

ಆಮೇಲೆ ಹಾಸನದಲ್ಲಿ ಮಣ್ಣು ಪರೀಕ್ಷೆ ಮಾಡುವ ಒಂದು ಖಾಸಗಿ ಆಫೀಸಿನಲ್ಲಿ ಕೆಲಸ ಸಿಕ್ಕಿತು. ಗಳಿಗೆ ನೋಡಿಯೇ ಸೇರಿದೆ. ಯಂತ್ರ ತೋರಿಸಿದ ಅಂಕಿಗಳನ್ನು ಪುಸ್ತಕಕ್ಕೆ ಬರೆಯುವುದು ನನ್ನ ಪಾಲಿನ ಕೆಲಸ.

೧೯೯೮ರಲ್ಲಿ ಆ ಆಫೀಸಿಗೆ ಸರ್ಕಾರದ ಒಂದು ಕೆಲಸ ಬಂತು. ಮಲ್ಲಿಪಟ್ಟಣ ಹೋಬಳಿಯಲ್ಲಿ ಹಂಚಿನಕೊಪ್ಪಲು, ಬೋರೆಹಳ್ಳಿ ಅಂತ ಎರಡು ಊರು. ಅವುಗಳ ನಡುವೆ ಮೂರು ಮೈಲಿ ಹಾದಿ ಇತ್ತು, ಮೂರು ತಲೆಮಾರಿನ ಮುನಿಸೂ ಇತ್ತು. ಎರಡೂ ಊರಿನವರು ಕುಡಿಯುವ ನೀರಿಗೆ ಕೆರೆ ಕೇಳಿದ್ದರು. ಸರ್ಕಾರ ಕೊಡುವುದು ಒಂದೇ ಕೆರೆ. ಯಾವ ಊರಿನ ಜೇಡಿಮಣ್ಣು ನೀರನ್ನು ಚೆನ್ನಾಗಿ ಹಿಡಿದಿಟ್ಟುಕೊಳ್ಳುತ್ತದೋ ಆ ಊರಿಗೆ ಕೆರೆ ಎಂದು ತೀರ್ಮಾನವಾಗಿತ್ತು. ಅದನ್ನು ಕಂಡುಹಿಡಿಯಲು ನಮ್ಮ ಆಫೀಸಿನ ಎಂಜಿನಿಯರು ವಸಿಷ್ಠ ಹೊಸ ಯಂತ್ರವೊಂದನ್ನು ನಾಲ್ಕು ದಿನದ ಮಟ್ಟಿಗೆ ಬಾಡಿಗೆಗೆ ತರಿಸಿದ್ದ. ವಯಸ್ಸಿನಲ್ಲಿ ನನಗಿಂತ ಚಿಕ್ಕವನು, ಒಳ್ಳೆಯ ಹುಡುಗ. ಹೊರಡುವ ಹಿಂದಿನ ದಿನ ನನ್ನನ್ನು ಕೂರಿಸಿಕೊಂಡು ಪಾಠ ಹೇಳಿದ.

"ಸಂಪತ್ ಸಾರ್, ಇದರ ತುದೀಲಿ ಚೂಪಾದ ಕೋನು ಇದೆ. ಇದನ್ನ ಮಣ್ಣೊಳಗೆ ತಳ್ತೀವಿ. ಆಗ ಮಣ್ಣಲ್ಲಿರೋ ನೀರಿಗೆ ಒತ್ತಡ ಆಗತ್ತೆ. ಅರಕಲಗೂಡು ಬಸ್ಸು ನೆನಸ್ಕೊಳಿ. ಕಾಲಿಡಕ್ಕೆ ಜಾಗ ಇಲ್ಲ. ಅದರೊಳಗೆ ಒಬ್ಬ ದಪ್ಪನೋರು ನುಗ್ಗಿದ್ರೆ ಏನಾಗತ್ತೆ?"

"ಕಂಡಕ್ಟರ್ ಬೈತಾನೆ."

"ಅಲ್ಲ ಸಾರ್, ಒಳಗಿರೋರಿಗೆ ಉಸಿರು ಕಟ್ಟತ್ತೆ. ಬಾಗಿಲು ದೊಡ್ಡದಿದ್ರೆ ನಾಲ್ಕು ಜನ ತಟ್ಟಂತ ಇಳಿದುಹೋಗ್ತಾರೆ. ಬಾಗಿಲು ಕಿರಿದಾಗಿದ್ರೆ ಇಳಿಯೋಕೆ ಹೊತ್ತು ಹಿಡಿಯತ್ತೆ. ಮಣ್ಣೂ ಹಾಗೇ. ತಳ್ಳೋದನ್ನ ನಿಲ್ಲಿಸಿದ ಕ್ಷಣದಿಂದ ಲೆಕ್ಕ. ಆಗ ಒತ್ತಡ ತೋರ್ಸೋ ಮುಳ್ಳು ಎಷ್ಟರಲ್ಲಿದೆ, ಅದು ಅರ್ಧಕ್ಕೆ ಇಳಿಯೋಕೆ ಎಷ್ಟು ನಿಮಿಷ ಆಯ್ತು, ಎರಡೇ ಬರೀಬೇಕಾದ್ದು. ನಿಧಾನವಾಗಿ ಇಳಿದಷ್ಟೂ ಮಣ್ಣು ಗಟ್ಟಿ, ಕೆರೇಲಿ ನೀರು ನಿಲ್ಲತ್ತೆ. ಗೊತ್ತಾಯ್ತಾ?"

ಗೊತ್ತಾಯಿತು ಎಂದೆ. ನಿಜ ಹೇಳಬೇಕೆಂದರೆ, ಬಸ್ಸಿಗೆ ನುಗ್ಗಿದ ಆ ದಪ್ಪನೋರು ಯಾರಿರಬಹುದೆಂದು ಯೋಚಿಸುತ್ತ ಕೂತಿದ್ದರಿಂದ ಕೊನೆಯ ಮಾತು ಕಿವಿಗೆ ಬಿದ್ದಿರಲಿಲ್ಲ.

ಅವತ್ತು ಸಂಜೆ ಹೊಳೆನರಸೀಪುರದಲ್ಲಿ ಬಸ್ಸಿಳಿದು ಮನೆ ಸೇರುವಷ್ಟರಲ್ಲಿ ನಾನು ಸಿಕ್ಕಸಿಕ್ಕವರಿಗೆಲ್ಲ ಹೇಳಿ ಆಗಿತ್ತು. ಭೂಮಿಯ ನಾಡಿ ನೋಡುವ ಯಂತ್ರ ಬಂದಿದೆ, ಅದನ್ನು ನೋಡುವವನು ನಾನು, ಯಾವ ಊರಿಗೆ ಕೆರೆ ಎನ್ನುವುದು ಇನ್ನು ನನ್ನ ಕೈಯಲ್ಲಿದೆ, ಎಂದೆಲ್ಲ. ಎದುರುಮನೆಯವರು ತಮ್ಮ ಬಾವಿಯ ನೀರೇಕೆ ಕಡಿಮೆಯಾಯಿತೆಂದು ಕೇಳಲು ಬಂದರು. ಅವರ ಬಾವಿಯ ಕಟ್ಟೆಗೆ ಕಿವಿಯಿಟ್ಟು ಕೇಳಿ, "ಸ್ವಲ್ಪ ವಾಯು ಇದೆ" ಎಂದೆ. ರಂಗನಾಯಕಿ ಅಡುಗೆಮನೆಯಿಂದ, "ಮೊದಲು ನಮ್ಮ ಮನೆ ಬಚ್ಚಲು ಯಾಕೆ ಕಟ್ಕೊಂಡಿದೆ ನೋಡೀಂದ್ರೆ" ಎಂದಳು.

ಮಾವನವರು ಮಾತ್ರ ಗಂಭೀರವಾಗಿ ಕೇಳಿಸಿಕೊಂಡರು.

"ಅಳಿಯಂದಿರೇ, ಇದು ಭೂಮಿಯ ಜಾತಕ ಬರೆಯೋ ಕೆಲಸ. ಒಂದು ಊರಿನ ನೀರಿನ ವಿಷಯ. ಏನೇ ಮಾಡಿ, ಆರಂಭ ಮಾತ್ರ ರಾಹುಕಾಲದಲ್ಲಿ ಬೇಡ. ಕಾರ್ಖಾನೆ ಆದದ್ದು ಸಾಕು."

ಆಗಲಿ ಎಂದು ಜೇಬಿನ ಚೀಟಿ ಮುಟ್ಟಿ ನೋಡಿಕೊಂಡೆ.

ಮಾರನೆಯ ದಿನ ಶುಕ್ರವಾರ. ಹಂಚಿನಕೊಪ್ಪಲಿಗೆ ನಾವು ಮುಟ್ಟಿದಾಗ ಊರಿಗೆ ಊರೇ ಹೊಲದಲ್ಲಿ ನೆರೆದಿತ್ತು. ಹೊಲ ಚಿಕ್ಕಲಕ್ಷ್ಮಮ್ಮ ಎಂಬ ಮುದುಕಿಯದು. ಎರಡು ಎಕರೆ. ಕೆರೆಗೆಂದು ಅದನ್ನು ಸರ್ಕಾರಕ್ಕೆ ದಾನಪತ್ರ ಬರೆದು ಹೆಬ್ಬೆಟ್ಟು ಒತ್ತಿಬಿಟ್ಟಿದ್ದಳು. ಅವಳ ಮಗ ರಂಗಸ್ವಾಮಿ ಪಂಚಾಯ್ತಿ ಮೆಂಬರು. ಐವತ್ತು ವರ್ಷ ಒಂದೇ ಸೊಂಟದ ಮೇಲೆ ಕೊಡ ಹೊತ್ತು, ಹಳ್ಳದಿಂದ ನೀರು ತಂದು, ಆ ಹೆಂಗಸಿನ ಮೈ ಒಂದು ಕಡೆಗೆ ವಾಲಿಹೋಗಿತ್ತು. ನಡೆಯುವಾಗ ಖಾಲಿ ಕೈಯಲ್ಲಿದ್ದರೂ ಕೊಡ ಹೊತ್ತಂತೆಯೇ ಕಾಣುತ್ತಿತ್ತು.

"ಎಲ್ಡು ಎಕ್ರೆ ಯಾಕಜ್ಜಿ ಸುಮ್ಮನೆ ಕೊಟ್ಟುಬಿಟ್ರಿ?" ಎಂದು ವಸಿಷ್ಠ ಅವಳ ಮಾತಿನ ಧಾಟಿಯಲ್ಲೇ ಕೇಳಿದ.

"ನಂಗೇನು ನೀರು ಬ್ಯಾಡ ಕಣಪ್ಪಾ, ನಂದು ಮುಗೀತು. ನನ್ನ ಮೊಮ್ಮಗಳು ದೀಪಶ್ರೀಗೆ ಈ ಸ್ವಂಟ ಬರ್ದಂಗಾದ್ರೆ ಸಾಕು" ಎಂದಳು ಚಿಕ್ಕಲಕ್ಷ್ಮಮ್ಮ.

ಯಂತ್ರ ಹೂಡುವಷ್ಟರಲ್ಲಿ ಜಾಗದ ನಕ್ಷೆಯಲ್ಲಿ ಏನೋ ತಪ್ಪಿದೆಯೆಂದು ಗೊತ್ತಾಗಿ ವಸಿಷ್ಠ ಅರಕಲಗೂಡಿಗೆ ಸರ್ವೆ ಆಫೀಸಿಗೆ ಓಡಬೇಕಾಯಿತು. ಜೀಪು ಹತ್ತುತ್ತ, "ಹತ್ತಡಿ ಇಳಿದ ತಕ್ಷಣ ನಿಲ್ಲಿಸಿ. ಆ ಕ್ಷಣವೇ ಬರ್ಕೊಳಿ ಸಾರ್" ಎಂದು ಕೂಗಿ ಹೋದ.

ಯಂತ್ರ ನಡೆಸುವವನು ಅದೇ ಹೋಬಳಿಯ ಪಾಲಾಕ್ಷ. ಅವನು ತಳ್ಳಿದ, ತಳ್ಳಿದ, ಹತ್ತಡಿಗೆ ನಿಲ್ಲಿಸಿದ. ಮುಳ್ಳು ಎಂಬತ್ತಕ್ಕೆ ಹೋಗಿ ನಿಂತಿತು. ಗಡಿಯಾರ ನೋಡಿದೆ. ಹತ್ತು ಗಂಟೆ ನಲವತ್ತೊಂದು ನಿಮಿಷ.

ಪುಸ್ತಕದಲ್ಲಿ ಮೊದಲ ಕಲಮು: 'ಪರೀಕ್ಷೆ ಆರಂಭಿಸಿದ ವೇಳೆ.' ಪೆನ್ನಿನ ಟೋಪಿ ತೆಗೆದವನು ಜೇಬಿನ ಚೀಟಿಯನ್ನೂ ತೆಗೆದೆ. ಶುಕ್ರವಾರ, ಹತ್ತೂವರೆಯಿಂದ ಹನ್ನೆರಡು.

"ಸಾ, ನಿಂತದೆ. ಬರ್ಕೊಳಿ" ಎಂದ ಪಾಲಾಕ್ಷ.

"ಇರಪ್ಪ. ರಾಹುಕಾಲ ನಡೀತಾ ಇದೆ."

"ಅಯ್ಯೋ, ಮಿಸೀನ್ಗೆ ಏನ್ ಸಾ ರಾವುಕಾಲ?"

ಪಾಲಾಕ್ಷನಿಗೆ ಉತ್ತರ ಕೊಡುವ ಕಷ್ಟ ನನಗೆ ಬರಲಿಲ್ಲ. ಊರಿಗೆ ಊರೇ ಅವನ ಮೇಲೆ ಬಿತ್ತು.

"ಸುಮ್ಕಿರ್ಲಾ ಪಾಲಾಕ್ಷ, ಸಾ ಯೋಳೋದು ಸರಿಯಾಗದೆ" ಎಂದ ರಂಗಸ್ವಾಮಿ. "ನಮ್ಮೂರ ಕೆರೆ ರಾವುಕಾಲ್ದಾಗೆ ಸುರುವಾಗೋದು ಬ್ಯಾಡ. ಎಷ್ಟ್ ಒತ್ತಾದ್ರೂ ಆಗ್ಲಿ ಕಾಯೋಣ. ಸಾ, ನೀವು ನಮ್ಮ ದೇವ್ರು ಬಂದಂಗೆ ಬಂದ್ರಿ. ಬ್ಯಾರೆ ಯಾರಾದ್ರೂ ಆಗಿದ್ರೆ ಬರೆದ್ಬುಟ್ಟು ಓಗೋರು."

ಎಲ್ಲರೂ ತಲೆದೂಗಿದರು. ದೇವರು ಬಂದಂತೆ ಬಂದವನು ಎಂದು ನನ್ನನ್ನು ನನ್ನ ನಲವತ್ತೆರಡು ವರ್ಷದಲ್ಲಿ ಯಾರೂ ಕರೆದಿರಲಿಲ್ಲ. ರಾಹುಕಾಲದಲ್ಲಿ ಯಾರ ದೃಷ್ಟಿಯೂ ಬೀಳದಿರಲಿ ಎಂದು ಮುಳ್ಳಿನ ಡಬ್ಬಿಗೆ ನನ್ನ ಟವೆಲು ಮುಚ್ಚಿದೆ. ಮುಚ್ಚುವ ಮುನ್ನ ಚಿಕ್ಕಲಕ್ಷ್ಮಮ್ಮ ಬಗ್ಗಿ ನೋಡಿ, "ಆ ಮುಳ್ಳು ಆಗ್ಲೇ ಅಳ್ಳಾಡ್ತಾ ಅದಲ್ಲಪ್ಪಾ" ಎಂದಳು. "ನೀನು ಸುಮ್ಕಿರವ್ವ, ನಿಂಗೇನು ಗೊತ್ತಾಯ್ತದೆ" ಎಂದು ರಂಗಸ್ವಾಮಿ ಅವಳನ್ನು ಕರೆದುಕೊಂಡು ಹೋಗಿ ಹೊಂಗೆಮರದ ಕೆಳಗೆ ಕೂರಿಸಿದ.

ಒಂದು ಗಂಟೆ ಇಪ್ಪತ್ತು ನಿಮಿಷ ಆ ಊರು ನನಗೆ ಮಾಡಿದ ಉಪಚಾರವನ್ನು ನಮ್ಮ ಮದುವೆಯಲ್ಲೂ ಯಾರೂ ಮಾಡಿರಲಿಲ್ಲ. ಮೂರು ಎಳನೀರು, ರಸಬಾಳೆ, ಬೆಲ್ಲ ಹಾಕಿದ ಹಾಲು. ನಾನು ತಿನ್ನುತ್ತಿದ್ದೆ, ಟವೆಲಿನ ಕೆಳಗೆ ಮುಳ್ಳು ತನ್ನ ಪಾಡಿಗೆ ಇಳಿಯುತ್ತಿತ್ತು.

ಹನ್ನೆರಡು ಹೊಡೆಯಿತು. ನನ್ನ ಗಡಿಯಾರ ಮುಂದಿದ್ದರೆ ಎಂದು ಒಂದು ನಿಮಿಷ ಹೆಚ್ಚೇ ಕಾದೆ. ಪುಸ್ತಕದ ಮೇಲೆ ಶ್ರೀ ಬರೆದು, ಆರಂಭಿಸಿದ ವೇಳೆ ಹನ್ನೆರಡು ಗಂಟೆ ಒಂದು ನಿಮಿಷ ಎಂದು ದುಂಡಗೆ ತುಂಬಿದೆ. ಟವೆಲು ತೆಗೆದಾಗ ಮುಳ್ಳು ಐವತ್ತೆರಡರಲ್ಲಿತ್ತು. ಆದರೆ ಆರಂಭದಲ್ಲಿ ಎಂಬತ್ತಿದ್ದದ್ದನ್ನು ನಾನೇ ಕಣ್ಣಾರೆ ನೋಡಿದ್ದೆ, ಅಂಗೈ ಮೇಲೆ ಬರೆದೂ ಇಟ್ಟುಕೊಂಡಿದ್ದೆ. ಸುಳ್ಳು ಬರೆಯುವ ಜಾಯಮಾನ ನನ್ನದಲ್ಲ. ಎಂಬತ್ತು ಎಂದೇ ಬರೆದೆ.

ಹನ್ನೆರಡು ನಲವತ್ತೊಂದಕ್ಕೆ ಮುಳ್ಳು ನಲವತ್ತಕ್ಕೆ ಇಳಿಯಿತು. ಅರ್ಧಕ್ಕೆ ಇಳಿಯಲು ನಲವತ್ತೇ ನಿಮಿಷ! ಎಷ್ಟು ಬೇಗ ಮುಗಿಯಿತು, ಒಳ್ಳೆಯ ಹೊತ್ತಿನ ಮಹಿಮೆ ನೋಡಿ ಎಂದು ಎಲ್ಲರಿಗೂ ಹೇಳಿದೆ. ಜನ ಚಪ್ಪಾಳೆ ತಟ್ಟಿದರು. ಒಬ್ಬರು ಯಂತ್ರಕ್ಕೆ ಕೈಮುಗಿದರು.

ಒಂದೂವರೆಗೆ ವಸಿಷ್ಠ ಬಂದ. ಪುಸ್ತಕ ನೋಡಿ ಅವನ ಮುಖ ಇಳಿದುಹೋಯಿತು.

"ನಲವತ್ತು ನಿಮಿಷಾನಾ? ಸರಿಯಾಗಿ ನೋಡಿದ್ರಾ ಸಾರ್?"

"ಊರಿಗೆ ಊರೇ ಸಾಕ್ಷಿ."

"ಛೆ. ಮರಳು ಸೇರಿರಬೇಕು. ನೋಡೋಕೆ ಎಷ್ಟು ಒಳ್ಳೆ ಮಣ್ಣು" ಎಂದು ಒಂದು ಹಿಡಿ ಎತ್ತಿ ಉಂಡೆ ಮಾಡಿದ. ಉಂಡೆ ಬೆಣ್ಣೆಯಂತೆ ಕೂತಿತು. ಅದನ್ನು ನೋಡಿಯೂ ಅವನು ಪುಸ್ತಕವನ್ನೇ ನಂಬಿದ. ಓದಿದವರ ಹಣೆಬರಹವೇ ಅಷ್ಟು.

ಮಾರನೆಯ ದಿನ ಶನಿವಾರ ಬೋರೆಹಳ್ಳಿ. ಅವತ್ತು ರಾಹುಕಾಲ ಹತ್ತೂವರೆಗೇ ಮುಗಿದಿತ್ತು. ಹನ್ನೊಂದಕ್ಕೆ ತಳ್ಳುವುದು ನಿಂತಿತು, ಹನ್ನೊಂದಕ್ಕೇ ಬರೆದೆ. ಮುಳ್ಳು ಅರ್ಧಕ್ಕೆ ಬರುವ ಹೊತ್ತಿಗೆ ಹನ್ನೆರಡೂವರೆಯಾಯಿತು. ತೊಂಬತ್ತು ನಿಮಿಷ. ಅಲ್ಲಿಯ ಯಜಮಾನ ದ್ಯಾವಯ್ಯನ ಹತ್ತಿರ ಹೋಗಿ, "ಬೇಜಾರು ಮಾಡ್ಕೋಬೇಡಿ, ನಿಮ್ಮೂರ ಮಣ್ಣು ಸ್ವಲ್ಪ ಮಂದ" ಎಂದು ಸಮಾಧಾನ ಹೇಳಿದೆ. ಅವನು ತಲೆ ತಗ್ಗಿಸಿದ. ಆಮೇಲೆ ವಸಿಷ್ಠ ಬಂದು ಅದೇ ಒಳ್ಳೆಯದೆಂದಾಗ ಇಬ್ಬರೂ ತಲೆ ಎತ್ತಿದೆವು. ನಾನು ಸ್ವಲ್ಪ ತಡವಾಗಿ ಎತ್ತಿದೆ.

ಅಷ್ಟು ಹೊತ್ತಿಗಾದರೂ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ. ಪಾಪ, ಹಂಚಿನಕೊಪ್ಪಲಿನ ಮಣ್ಣು ಸೋರುತ್ತದಂತೆ, ಅಂಥ ಒಳ್ಳೆಯ ಜನರಿಗೆ ಹೀಗಾಗಬಾರದಿತ್ತು ಎಂದು ಮರುಗುತ್ತಲೇ ಬಸ್ಸು ಹತ್ತಿದೆ. ಯಂತ್ರ ಭಾನುವಾರ ವಾಪಸು ಹೋಯಿತು. ವರದಿ ಹೋಯಿತು. ಕೆರೆ ಬೋರೆಹಳ್ಳಿಗೆ ಮಂಜೂರಾಯಿತು.

ಹಂಚಿನಕೊಪ್ಪಲಿಗೆ ಉಳಿದದ್ದು ಹೆಸರು. ಸಂತೆಯಲ್ಲಿ ಬೋರೆಹಳ್ಳಿಯವರು, "ಅವರೂರ್ನಾಗೆ ಎಲೆ ಮೇಲೆ ಮಜ್ಜಿಗೆ ಬುಟ್ರೂ ನಿಲ್ಲಕಿಲ್ವಂತೆ ಕಣ" ಎಂದು ಆಡಿಕೊಳ್ಳತೊಡಗಿದರಂತೆ. ಹೆಣ್ಣು ಕೊಡಲು ಬಂದವರು ಅಂಗಳ ತುಳಿದು ನೋಡಿ, ಗೋಡೆ ಗಟ್ಟಿಯಾಗಿದೆಯೇ ಎಂದು ಕೇಳಿದರಂತೆ. ಇದೆಲ್ಲ ಪಾಲಾಕ್ಷ ಬಂದು ಹೇಳುತ್ತಿದ್ದ. ನಾನು ಲೊಚಗುಟ್ಟುತ್ತಿದ್ದೆ.

ನಾಲ್ಕು ತಿಂಗಳಾದ ಮೇಲೆ ಚನ್ನರಾಯಪಟ್ಟಣದಲ್ಲಿ ನಮ್ಮಣ್ಣನ ಎರಡನೆಯ ಮಗಳು ಶ್ರೀಗೌರಿಯ ಸೀಮಂತ. ಊಟವಾಗಿ ಎಲ್ಲ ಅಡಿಕೆಲೆ ಹಾಕಿಕೊಂಡು ಕೂತಿದ್ದಾಗ ಮಾತು ನನ್ನ ಭೂಮಿಯ ನಾಡಿಗೆ ಬಂತು. ಊರಿಗೆ ಊರೇ ಕಾಯ್ದದ್ದು, ಟವೆಲು ಮುಚ್ಚಿದ್ದು, ಎಳನೀರು, ಎಲ್ಲ ವರ್ಣಿಸಿದೆ. ಮಾವನವರು, "ನೋಡಿ, ಸಂಸ್ಕಾರ ಅಂದರೆ ಇದು" ಎಂದು ಸಭೆಗೆ ಹೇಳಿದರು. ರಂಗನಾಯಕಿಯ ಮುಖದಲ್ಲೂ ನನ್ನ ಬಗ್ಗೆ ಅಪರೂಪಕ್ಕೆ ಹೆಮ್ಮೆ ಕಂಡಿತು.

ಅಣ್ಣನ ದೊಡ್ಡ ಮಗಳು ಹಂಸ ಹಾಸನದ ಕಾಲೇಜಿನಲ್ಲಿ ಭೌತಶಾಸ್ತ್ರ ಹೇಳಿಕೊಡುತ್ತಾಳೆ. ಮೂಲೆಯಲ್ಲಿ ಕೂತು ಹೂ ಕಟ್ಟುತ್ತಿದ್ದವಳು ಕೈ ನಿಲ್ಲಿಸಿದಳು.

"ಚಿಕ್ಕಪ್ಪ, ಹತ್ತು ನಲವತ್ತೊಂದರಿಂದ ಹನ್ನೆರಡರ ತನಕ ಆ ಮುಳ್ಳು ಏನು ಮಾಡ್ತಿತ್ತು?"

"ಏನು ಮಾಡತ್ತೆ? ಇತ್ತು."

"ಇಳೀದೇ ಸುಮ್ನೆ ನಿಂತಿತ್ತಾ? ಅದೂ ರಾಹುಕಾಲ ಕಳೀಲಿ ಅಂತ ಕಾಯ್ತಿತ್ತಾ?"

ಯಾರೋ ನಕ್ಕರು. ಮಾವನವರಿಗೆ ಸಿಟ್ಟು ಬಂತು. "ಯಂತ್ರ ಏನಾದರೂ ಮಾಡಿಕೊಳ್ಳಲಿ ಕಣಮ್ಮ. ನಾವು ಬರೆಯುವ ಹೊತ್ತು ಶುಭವಾಗಿರಬೇಕು."

"ತಾತ, ಶ್ರೀಗೌರಿ ಮಗು ರಾಹುಕಾಲದಲ್ಲಿ ಹುಟ್ಟಿದ್ರೆ ಜಾತಕದಲ್ಲಿ ಯಾವ ಹೊತ್ತು ಬರೀತೀರಿ?"

"ಹುಟ್ಟಿದ ಹೊತ್ತನ್ನೇ ಬರೀಬೇಕು. ಇಲ್ಲದಿದ್ರೆ ಜಾತಕವೇ ಸುಳ್ಳಾಗತ್ತೆ. ಅಷ್ಟೂ ತಿಳಿಯದ..." ಎಂದವರು ಅಲ್ಲಿಗೇ ನಿಂತರು. ನನ್ನ ಕಡೆ ನೋಡಿದರು. ಆಮೇಲೆ ಎಲೆಯ ಬೆನ್ನಿಗೆ ಸುಣ್ಣ ಹಚ್ಚತೊಡಗಿದರು. ಒಂದೇ ಎಲೆಗೆ ಮೂರು ಸಲ ಹಚ್ಚಿದರು.

ಹಂಸ ಬೆರಳು ಮಡಿಸಿ ಎಣಿಸಿದಳು. ನಿಜವಾಗಿ ಆದದ್ದು ನೂರಿಪ್ಪತ್ತು ನಿಮಿಷ. ಬರೆದದ್ದು ನಲವತ್ತು. ಬೋರೆಹಳ್ಳಿಯದು ತೊಂಬತ್ತು. "ಚಿಕ್ಕಪ್ಪ, ಕೆರೆ ಹಂಚಿನಕೊಪ್ಪಲಿಗೆ ಹೋಗಬೇಕಿತ್ತು" ಎಂದಳು. ಅವಳ ದನಿಯಲ್ಲಿ ತಮಾಷೆ ಇರಲಿಲ್ಲ. ನನಗೆ ಆ ಮುದುಕಿಯ ಸೊಂಟ ಕಣ್ಣಿಗೆ ಕಟ್ಟಿತು.

ಮಾರನೆಯ ದಿನ ವಸಿಷ್ಠನಿಗೆ ಹೇಳಿದೆ. ಅವನು ಎರಡೂ ಕೈಯಲ್ಲಿ ತಲೆ ಹಿಡಿದುಕೊಂಡ. ಬಯ್ಯಲಿಲ್ಲ. "ಟವೆಲು ಬೇರೆ ಮುಚ್ಚಿದ್ರಾ?" ಎಂದು ಮಾತ್ರ ಕೇಳಿದ. ಆಮೇಲೆ, "ನೀವೇ ಬರೆದುಕೊಡಿ ಸಾರ್, ನಾನೂ ಸಹಿ ಹಾಕ್ತೀನಿ. ಆದದ್ದಾಗಲಿ" ಎಂದ.

ಎರಡು ಪುಟ ಬರೆದೆ. ಹಂಚಿನಕೊಪ್ಪಲಿನ ಜೇಡಿಮಣ್ಣು ಬೋರೆಹಳ್ಳಿಯದಕ್ಕಿಂತ ಉತ್ತಮವಾದದ್ದೆಂದೂ, ನೀರನ್ನು ಹಿಡಿದಿಡುವುದರಲ್ಲಿ ಆ ಹೋಬಳಿಯಲ್ಲೇ ಅದಕ್ಕೆ ಸಾಟಿಯಿಲ್ಲವೆಂದೂ, ತಪ್ಪು ಪೂರ್ತಿ ನನ್ನದೆಂದೂ. ಅದನ್ನು ಹಿಡಿದು ಸಂಬಂಧಪಟ್ಟ ಕಚೇರಿಗೆ ಹೋದೆ. ಅಲ್ಲಿ ಬಸವರಾಜು ಎಂಬ ಅಧಿಕಾರಿ. ಕಾಗದ ಮುಂದಿಟ್ಟೆ. ಅವರು ಗಡಿಯಾರ ನೋಡಿ ಕೈ ಹಿಂದಕ್ಕೆಳೆದುಕೊಂಡರು.

"ಇವತ್ತು ಬುಧವಾರ. ಹನ್ನೆರಡರಿಂದ ಒಂದೂವರೆ ನಾನು ಯಾವ ಅರ್ಜೀನೂ ಮುಟ್ಟಲ್ಲ. ಆಮೇಲೆ ಬನ್ನಿ."

ಒಂದೂವರೆಗೆ ಅವರು ಊಟಕ್ಕೆ ಹೋದರು. ಮೂರೂವರೆಗೆ ಓದಿದರು. ಎರಡು ಸಲ ಓದಿ ಕನ್ನಡಕ ತೆಗೆದರು.

"ಏನ್ರೀ ಇದು? ಕೆರೆ ಯಾಕೆ ತಪ್ಪಿತು ಅಂತ ಮೇಲಿನೋರು ಕೇಳಿದ್ರೆ ರಾಹುಕಾಲ ಇತ್ತು ಅಂತ ಬರೀಲಾ? ಬೋರೆಹಳ್ಳೀಲಿ ಗುದ್ದಲಿಪೂಜೆ ಆಗಿ ಹದಿನೈದು ದಿನ ಆಯ್ತು. ಒಳ್ಳೆ ಮುಹೂರ್ತ, ನಾನೇ ನೋಡಿ ಇಟ್ಟಿದ್ದು. ನಿಮ್ಮ ತಪ್ಪೊಪ್ಪಿಗೆಗೆ ನಮ್ಮಲ್ಲಿ ನಮೂನೆ ಇಲ್ಲ. ಆದ್ರೂ ಕೊಟ್ಟ ಕಾಗದ ಎಸೆಯೋ ಹಾಗಿಲ್ಲ. ಫೈಲಲ್ಲಿ ಹಾಕಿರ್ತೀನಿ."

ಹಾಕಿದರು. ಅವರು ತಮ್ಮ ಮಾತು ಉಳಿಸಿಕೊಂಡರು ಎನ್ನುವುದು ನನಗೆ ಆಮೇಲೆ ತಿಳಿಯಿತು.

ಹಂಚಿನಕೊಪ್ಪಲಿಗೂ ಹೋದೆ. ಹೋಗದಿದ್ದರೆ ಆಗುತ್ತಿತ್ತು, ಆದರೆ ಹೋಗದೆ ಇರಲು ಆಗಲಿಲ್ಲ. ಚಿಕ್ಕಲಕ್ಷ್ಮಮ್ಮ ತನ್ನ ಹೊಲದಲ್ಲಿ ಮೊಳಕಾಲುದ್ದ ಗುಂಡಿ ತೋಡಿಸಿ, ಹಳ್ಳದಿಂದ ತಾನೇ ಕೊಡದಲ್ಲಿ ನೀರು ಹೊತ್ತು ತುಂಬಿಸಿದ್ದಳು. ಮೇಲೆ ತೆಂಗಿನ ಗರಿ ಮುಚ್ಚಿದ್ದಳು. ಹನ್ನೆರಡು ದಿನವಾದರೂ ನೀರು ಒಂದು ಬೆರಳಿನಷ್ಟು ಮಾತ್ರ ಇಳಿದಿತ್ತು. ಹಾದಿಯಲ್ಲಿ ಹೋಗುವವರನ್ನೆಲ್ಲ ಕರೆದು ತೋರಿಸುತ್ತಿದ್ದಳಂತೆ. ಅದರ ಪಕ್ಕದಲ್ಲೇ ನಿಂತು ಎಲ್ಲರೆದುರು ನಾನು ಮಾಡಿದ್ದನ್ನು ಹೇಳಿದೆ. ಬೈಗುಳಕ್ಕೆ, ಬೇಕಾದರೆ ಎರಡೇಟಿಗೂ ಸಿದ್ಧನಾಗಿಯೇ ಬಂದಿದ್ದೆ.

ರಂಗಸ್ವಾಮಿ ಒಂದು ಎಳನೀರು ಕೆತ್ತಿ ತಂದ. "ನೀವೇನು ಮಾಡೀರಿ ಸಾ" ಎಂದ. "ನಾವೇ ಅಲ್ವಾ ಕಾಯೋಣ ಅಂದಿದ್ದು. ರಾವುಕಾಲ್ದಾಗೆ ಬರೆದಿದ್ರೆ ಇನ್ನೂ ಏನೇನಾಗೋದೋ. ಓಗ್ಲಿ ಬುಡಿ. ಎಳ್ನೀರು ಕುಡೀರಿ."

ಊರವರೂ ಹಾಗೆಯೇ ಅಂದರು. ಒಬ್ಬನಾದರೂ ಬೈದಿದ್ದರೆ ನಾನು ಬದುಕಿಕೊಳ್ಳುತ್ತಿದ್ದೆ. ಚಿಕ್ಕಲಕ್ಷ್ಮಮ್ಮ ಒಬ್ಬಳು ಮಾತ್ರ ನನ್ನ ಮುಖವನ್ನೇ ನೋಡುತ್ತಿದ್ದಳು.

"ನಾವು ಓದ್ದೋರಲ್ಲ ಕಣಪ್ಪಾ. ರಾವುಕಾಲ ಅಂದ್ವಿ. ಅನ್ನೋರೇ ನಾವು. ಮಿಸೀನು ತಕೊಂಡು ಬಂದೋನು ನೀನು. ನಮ್ಮ ಮಾತ ಯಾಕಪ್ಪಾ ಕೇಳ್ದೆ?"

ಎಳನೀರಿನ ಬುರುಡೆಯನ್ನು ಗುಂಡಿಯ ಪಕ್ಕದಲ್ಲಿಟ್ಟು ಬಸ್ಸಿನ ಹಾದಿ ಹಿಡಿದೆ.

ಬೋರೆಹಳ್ಳಿಯ ಕೆರೆ ಎರಡು ಸಾವಿರದ ಇಸವಿಯಲ್ಲಿ ಮುಗಿಯಿತು. ಮೊದಲ ಮಳೆಗಾಲಕ್ಕೆ ತುಂಬಿತು, ದ್ಯಾವಯ್ಯ ಬಾಗಿನ ಬಿಟ್ಟ. ಸಂಕ್ರಾಂತಿಯ ಹೊತ್ತಿಗೆ ತಳ ಕಂಡಿತು. ಎರಡನೆಯ ವರ್ಷವೂ ಅದೇ ಕಥೆ. ಸಂತೆಯಲ್ಲಿ ಮಜ್ಜಿಗೆಯ ಮಾತನ್ನು ಈಗ ಹಂಚಿನಕೊಪ್ಪಲಿನವರು ಆಡತೊಡಗಿದರಂತೆ. ಅದನ್ನು ಕೇಳಿ ನನಗೆ, ಸುಳ್ಳೇಕೆ ಹೇಳಲಿ, ಒಂದು ಸಣ್ಣ ಸಂತೋಷವಾಯಿತು. ಇನ್ನಾದರೂ ಸರ್ಕಾರಕ್ಕೆ ಬುದ್ಧಿ ಬಂದು ಎರಡನೆಯ ಕೆರೆ ಹಂಚಿನಕೊಪ್ಪಲಿಗೆ ಕೊಟ್ಟೀತು ಎಂದು ದಿನಾ ದೇವರಿಗೆ ಒಂದು ದೀಪ ಹೆಚ್ಚು ಹಚ್ಚಿದೆ.

೨೦೦೨ರಲ್ಲಿ ಒಂದು ದಿನ ಬಸವರಾಜು ಅವರು ಬಸ್‌ಸ್ಟ್ಯಾಂಡಿನಲ್ಲಿ ಸಿಕ್ಕಿ ನನ್ನ ಕೈ ಹಿಡಿದು ಕುಲುಕಿದರು.

"ನಿಮ್ಮ ಕಾಗದ ಕೊನೆಗೂ ಉಪಯೋಗಕ್ಕೆ ಬಂತು ಕಣ್ರೀ! ಬೋರೆಹಳ್ಳಿ ಕೆರೆ ಸೋರ್ತಿದೆ, ತಳಕ್ಕೆ ಒಳ್ಳೆ ಜೇಡಿಮಣ್ಣು ಹಾಸಿ ಅಂತ ಮೇಲಿಂದ ಆರ್ಡರ್ ಬಂತು. ಎಲ್ಲಿಂದ ತರೋದು? ಫೈಲ್ ತಿರುವಿದ್ರೆ ನಿಮ್ಮ ಕಾಗದ! ಹೋಬಳಿಗೆ ಸಾಟಿಯಿಲ್ಲದ ಮಣ್ಣು ಅಂತ ನೀವೇ ಬರೆದಿದ್ದೀರಿ. ಜಾಗಾನೂ ನಮ್ಮದೇ, ಆ ಮುದುಕಿ ದಾನಪತ್ರ ಬರೆದಿದ್ದಾಳಲ್ಲ. ಯಾರನ್ನೂ ಕೇಳೋ ಹಾಗೇ ಇಲ್ಲ. ಹೋದ ತಿಂಗಳೇ ಎತ್ತಿಸಿಬಿಟ್ಟೆ."

ಅವರ ಕೈ ಇನ್ನೂ ನನ್ನ ಕೈಯಲ್ಲೇ ಇತ್ತು. ಬಿಡಿಸಿಕೊಂಡು ಅರಕಲಗೂಡು ಬಸ್ಸು ಹತ್ತಿದೆ.

ಹಂಚಿನಕೊಪ್ಪಲಿನ ಆ ಎರಡು ಎಕರೆಯಲ್ಲಿ ಹೊಲ ಇರಲಿಲ್ಲ. ಕೆಳಗಿನ, ನೀರು ನಿಲ್ಲದ ಗರಸು ಕಾಣುವ ತನಕ ಮಣ್ಣು ತೆಗೆದಿದ್ದರು. ಹನ್ನೆರಡು ಅಡಿ ಆಳದ ಗುಂಡಿ, ಟ್ರ್ಯಾಕ್ಟರು ಇಳಿದು ಹತ್ತಿದ ದಾರಿ. ಎರಡು ದಿನದ ಹಿಂದೆ ಜೋರು ಮಳೆ ಬಂದಿತ್ತೆಂದು ರಂಗಸ್ವಾಮಿ ಹೇಳಿದ. ಗುಂಡಿ ಅರ್ಧ ತುಂಬಿತ್ತಂತೆ, ಊರವರೆಲ್ಲ ಓಡಿಬಂದು ನೋಡಿದರಂತೆ, ಮಾರನೆಯ ದಿನ ಮಧ್ಯಾಹ್ನಕ್ಕೆ ಒಂದು ತೊಟ್ಟೂ ಇರಲಿಲ್ಲವಂತೆ. ಇನ್ನು ಇಲ್ಲಿ ಏನೂ ನಿಲ್ಲುವುದಿಲ್ಲ. ನಾನು ನಾಲ್ಕು ವರ್ಷದ ಹಿಂದೆ ತಪ್ಪಾಗಿ ಬರೆದದ್ದನ್ನು ಸರ್ಕಾರ ನಿಜ ಮಾಡಿಕೊಟ್ಟಿತ್ತು.

ಗುಂಡಿಯ ದಂಡೆಯ ಮೇಲೆ ಚಿಕ್ಕಲಕ್ಷ್ಮಮ್ಮ ಕೂತಿದ್ದಳು. ನನ್ನನ್ನು ಕಂಡು ಏಳಲಿಲ್ಲ. ಈ ಸಲ ಬೈಯಲಿ ಎಂದು ತಲೆಬಗ್ಗಿಸಿ ನಿಂತೆ. ಅವಳು ಪಕ್ಕದಲ್ಲಿ ಕೈಯಿಂದ ಮಣ್ಣು ಸವರಿ ಜಾಗ ಮಾಡಿದಳು.

"ಬಾ ಕೂತ್ಕೊ. ಮಿಸೀನು ತರ್ನಿಲ್ವಾ?"

"ಇಲ್ಲಮ್ಮ."

"ತರ್ಬೇಕಾಗಿತ್ತು" ಎಂದಳು. "ಈಗ ನೀನು ಯಾವ ಒತ್ನಾಗೆ ಬರೆದ್ರೂ ಸರಿಯಾಗೇ ಬತ್ತದೆ."